ಕಾಜಕ್ಕನ ಹಾಜರಿ

ಮೂವತ್ತೊಂದು ವರ್ಷ ಊರವರ ಅಂಗಿಗಳಿಗೆ ಕಾಜಾ ಹೊಲಿದವಳಿಗೆ ಕೊನೆಕೊನೆಗೆ ತನ್ನದೇ ಅಂಗಿಯ ಗುಂಡಿ ಹಾಕಲೂ ಬಿಚ್ಚಲೂ ಆಗುತ್ತಿರಲಿಲ್ಲ. ನಾನು ಅವಳನ್ನು ಮೊದಲು ನೋಡಿದ್ದೇ ಆ ಸ್ಥಿತಿಯಲ್ಲಿ. ಬಿಸಿನೀರಿನ ಕೊಳದ ಪಕ್ಕ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು, ಎದೆಯ ಮೂರನೇ ಗುಂಡಿಯ ಜೊತೆ ಗುದ್ದಾಡುತ್ತಿದ್ದಳು. ಉಳಿದವರೆಲ್ಲ ಆಗಲೇ ನೀರಿಗಿಳಿದಿದ್ದರು. ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು, "ಏನಮ್ಮಾ, ಆ ಗುಂಡಿ ಬಿಚ್ಚೋಕೆ ಮುಹೂರ್ತ ಬರಬೇಕಾ?" ಎಂದೆ.

ಅವಳು ತಲೆಯೆತ್ತಿ ನಕ್ಕಳು. "ಇದರ ಕಾಜಾ ನಾನೇ ಹೊಲಿದಿದ್ದು ಟೀಚರೇ. ಒಂಚೂರು ಬಿಗಿಯಾಗಿ ಹೊಲಿದುಬಿಟ್ಟೆ. ಮಾಡಿದ್ದುಣ್ಣೋ ಮಹರಾಯ."

ನಾನು ಟೀಚರ್ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ದನಿ ಕೇಳಿದವರಿಗೆ ಬೇರೆ ಹೇಳಬೇಕಾಗಿಯೂ ಇಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ಎರಡು ಮಂಡಿಯನ್ನೂ ಒಂದು ಸೊಂಟವನ್ನೂ ಸವೆಸಿಕೊಂಡು ನಿವೃತ್ತಳಾದವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೊಳಕ್ಕೆ ಸೇರಿದ ಮೊದಲ ವಾರವೇ ಅಲ್ಲಿನ ಹಾಜರಿ ಪುಸ್ತಕದ ಅವ್ಯವಸ್ಥೆ ನೋಡಲಾರದೆ ನಾನೇ ಕಿತ್ತುಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಅಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕೊಳವೆಂದರೆ ದೊಡ್ಡದೇನಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಹಾಸಿಗೆ ಬಟ್ಟೆ ಒಗೆಯುವ ಕಟ್ಟಡದ ಪಕ್ಕ, ಬಿಳಿ ಹೆಂಚು ಹಾಸಿದ ಒಂದು ಹಾಲ್. ಅದರ ನಡುವೆ ಎದೆಮಟ್ಟದ ನೀರು. ನೀರಿನ ಬಿಸಿ ಯಾವಾಗಲೂ ಮೂವತ್ತನಾಲ್ಕು ಡಿಗ್ರಿ. ಒಂದು ಮೂಲೆಯಲ್ಲಿ ನಾಲ್ಕು ಮೆಟ್ಟಿಲು, ಹಿಡಿದುಕೊಳ್ಳಲು ಉಕ್ಕಿನ ಕಂಬಿ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಕೀಲುನೋವಿನವರಾದ ನಾವು ಹತ್ತು ಜನ ಇಳಿಯುತ್ತಿದ್ದೆವು. ಮುಕ್ಕಾಲು ಗಂಟೆ ಕಾಲು ಬೀಸುವುದು, ಮುಷ್ಟಿ ಬಿಚ್ಚಿ ಮುಚ್ಚುವುದು, ಹಿಂದಕ್ಕೆ ನಡೆಯುವುದು, ತೇಲುವುದು. ಹೇಳಿಕೊಡುತ್ತಿದ್ದವಳು ಒಬ್ಬ ಫಿಜಿಯೋ ಹುಡುಗಿ. ಒಳ್ಳೆಯವಳು, ಆದರೆ ಎರಡು ವಿಭಾಗದ ನಡುವೆ ಓಡಾಡಿ ಓಡಾಡಿ ಅರ್ಧ ಉಸಿರಲ್ಲೇ ಮಾತಾಡುತ್ತಿದ್ದಳು.

ಗೋಡೆಯ ಮೇಲೆ ನಿಯಮಗಳ ಹಲಗೆಯಿತ್ತು. ಅದರಲ್ಲಿ ನಮ್ಮೆಲ್ಲರ ಎದೆ ನಡುಗಿಸುವ ನಿಯಮ ಒಂದೇ: ವೈದ್ಯರ ಚೀಟಿಯಿಲ್ಲದೆ ಮೂರು ಸಲ ಗೈರಾದರೆ ಜಾಗ ಹೋಗುತ್ತದೆ, ಕಾದಿರುವವರ ಪಟ್ಟಿಯಿಂದ ಮುಂದಿನವರು ಬರುತ್ತಾರೆ. ಆ ಪಟ್ಟಿಯಲ್ಲಿ ಆಗ ನಲವತ್ತು ಹೆಸರುಗಳಿದ್ದವು. ಅದರ ಕೆಳಗೇ ಇನ್ನೊಂದು ನಿಯಮ: ಯಾವುದಾದರೂ ಒಂದು ಕೀಲು ಹೊಸದಾಗಿ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ನೀರಿಗಿಳಿಯಬೇಡಿ, ತಕ್ಷಣ ತಿಳಿಸಿ. ಪಾಠ ಶುರುವಾಗುವ ಮುಂಚೆ ಫಿಜಿಯೋ ಪ್ರತಿಸಲವೂ ಕೇಳುತ್ತಿದ್ದಳು, "ಯಾರಿಗಾದ್ರೂ ಹೊಸದಾಗಿ ಕೆಂಪು, ಬಿಸಿ, ಊತ?" ನಾವೆಲ್ಲ ಒಂದನೇ ತರಗತಿಯ ಮಕ್ಕಳ ಹಾಗೆ ಒಟ್ಟಿಗೆ, "ಇಲ್ಲಾ" ಎನ್ನುತ್ತಿದ್ದೆವು. ನಿವೃತ್ತ ಬಸ್ ಡ್ರೈವರ್ ಮಾವನಂತೂ "ಇಲ್ಲಾ" ಎಂದವನೇ "ರೈಟ್, ಹೋಗ್ಲಿ!" ಎಂದು ಕೂಗುತ್ತಿದ್ದ. ಆ "ಇಲ್ಲಾ" ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಪ್ರಶ್ನೆ ಏನೆಂದು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವಳಿಗೆ ಕಾಜಕ್ಕ ಎಂಬ ಹೆಸರು ಡ್ರೈವರ್ ಮಾವ ಇಟ್ಟದ್ದು. ಹದಿನಾರನೇ ವಯಸ್ಸಿಗೆ ಟೈಲರ್ ಅಂಗಡಿಯ ಹಿಂಬದಿಯ ಸ್ಟೂಲಿನ ಮೇಲೆ ಕೂತವಳು ಅವಳು. ಅಪ್ಪ ಅಮ್ಮ ಇರಲಿಲ್ಲ, ಎಂಟು ವರ್ಷದ ತಮ್ಮ ಇದ್ದ. ಕತ್ತರಿಸುವವರು, ಮಿಷನ್ ತುಳಿಯುವವರು ಮುಂದೆ ಕೂರುತ್ತಿದ್ದರು, ಇವಳು ಹಿಂದೆ. ಕಾಜಾ, ಗುಂಡಿ, ಅಂಚು ಮಡಿಸುವುದು ಇವಳ ಕೆಲಸ. ದಿನಕ್ಕೆ ಐವತ್ತು ಕಾಜಾದ ಹಾಗೆ ಮೂವತ್ತೊಂದು ವರ್ಷಕ್ಕೆ ಎಷ್ಟೆಂದು ನಾನು ನೀರಲ್ಲೇ ಗುಣಿಸಿ ಹೇಳಿದೆ. "ಕಡಿಮೆ ಅಂದ್ರೂ ನಾಲ್ಕು ಲಕ್ಷದ ಅರವತ್ತೈದು ಸಾವಿರ."

"ಅಷ್ಟೇನಾ?" ಎಂದಳು ಅವಳು, ನಿಜವಾಗಿಯೂ ಬೇಸರಪಟ್ಟುಕೊಂಡು. "ನಾನು ಜಾಸ್ತಿ ಅಂದ್ಕೊಂಡಿದ್ದೆ."

ಸಂಧಿವಾತ ಶುರುವಾದದ್ದು ನಲವತ್ತು ದಾಟಿದ ಮೇಲೆ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಐದು ವರ್ಷ ಹಲ್ಲು ಕಚ್ಚಿಕೊಂಡು ಹೊಲಿದಳು. ಆಮೇಲೆ ಸೂಜಿ ಕೈಯಿಂದ ಜಾರಿ ಬೀಳತೊಡಗಿತು, ಅಂಗಡಿ ಬಿಟ್ಟಳು. ಅಷ್ಟು ಹೊತ್ತಿಗೆ ತಮ್ಮ ಓದಿ, ಕೆಲಸ ಹಿಡಿದು, ಮದುವೆಯಾಗಿ, ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ್ದ. ಅಕ್ಕನನ್ನು ಕರೆದೂ ಕರೆದೂ ಸಾಕಾಗಿದ್ದ. ಅವಳು ಹೋಗಲಿಲ್ಲ. ಅದೇ ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳದೊಂದು ರೂಮಿತ್ತು, ತಮ್ಮನನ್ನು ಸಾಕಿದ ರೂಮು. ಅದಕ್ಕೆ ಇಪ್ಪತ್ತೆರಡು ಮೆಟ್ಟಿಲು.

"ತಮ್ಮ ಬಂಗಾರದಂಥವನು ಟೀಚರೇ. ಅವನ ಹೆಂಡ್ತಿನೂ ಒಂದು ಮಾತು ಆಡಿದವಳಲ್ಲ. ಆದ್ರೆ ಅಲ್ಲಿ ಒಂದು ಲೋಟ ನೀರು ಕುಡಿಯೋಕೂ ಕೇಳಿ ಕುಡೀಬೇಕು ಅನ್ಸುತ್ತೆ. ನನ್ನ ರೂಮಲ್ಲಿ ನಾನು ಕುಂಟಿದ್ರೂ ರಾಣಿ."

ಅಕ್ಕ ತಮ್ಮನ ನಡುವೆ ಒಂದು ಒಪ್ಪಂದವಾಗಿತ್ತು. ಯಾವ ದಿನ ಅವಳಿಗೆ ಆ ಮೆಟ್ಟಿಲು ತಾನಾಗಿ ಹತ್ತಲು ಆಗುವುದಿಲ್ಲವೋ ಆ ದಿನ ಮರುಮಾತಿಲ್ಲದೆ ಅವನ ಮನೆಗೆ ಬರಬೇಕು. ಆ ಒಪ್ಪಂದವೇ ಅವಳನ್ನು ಕೊಳಕ್ಕೆ ತಂದದ್ದು. ಮೂಲೆಯ ನಾಲ್ಕು ಮೆಟ್ಟಿಲನ್ನು ಅವಳು ನೀರೊಳಗೆ ಐದು ಸಲ ಹತ್ತಿ, ಆರನೇ ಸಲ ಎರಡು ಮಾತ್ರ ಹತ್ತಿ ನಿಲ್ಲುತ್ತಿದ್ದಳು. ಗಟ್ಟಿಯಾಗಿ ಎಣಿಸುತ್ತಿದ್ದಳು. ಇಪ್ಪತ್ತೆರಡು ಎಂದಾಗ ಡ್ರೈವರ್ ಮಾವ, "ಸ್ಟಾಪ್ ಬಂತು, ಇಳೀರಿ ಇಳೀರಿ" ಎನ್ನುತ್ತಿದ್ದ. ಎಂಟು ತಿಂಗಳು ಹೀಗೆ ಮಾಡಿ ಅವಳು ತನ್ನ ರೂಮನ್ನು ಉಳಿಸಿಕೊಂಡಿದ್ದಳು.

ತೇಲುವಾಗ ಇಬ್ಬಿಬ್ಬರು ಜೋಡಿ. ಒಬ್ಬರು ಅಂಗಾತ ಮಲಗಬೇಕು, ಇನ್ನೊಬ್ಬರು ಕತ್ತಿನ ಕೆಳಗೆ ಅಂಗೈ ಕೊಟ್ಟಿರಬೇಕು. ಅವಳಿಗೆ ಜೋಡಿ ನಾನು. ನೆಲದ ಮೇಲೆ ಯಾರಾದರೂ ಪ್ರೀತಿಯಿಂದ ಕೈ ಹಿಡಿದರೂ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ನೀರಲ್ಲಿ ಮಾತ್ರ ಇಡೀ ಮೈಯನ್ನು ನನ್ನ ಒಂದು ಅಂಗೈ ಮೇಲೆ ಬಿಟ್ಟು ಕಣ್ಣು ಮುಚ್ಚುತ್ತಿದ್ದಳು. ನನ್ನ ಕೈಯಲ್ಲಿ ಯಾರೂ ಅಷ್ಟು ನಂಬಿಕೆಯಿಂದ ಮಲಗಿರಲಿಲ್ಲ. ನನಗೆ ಮಕ್ಕಳಿಲ್ಲ. ಶಾಲೆಯ ಮಕ್ಕಳು ನನ್ನನ್ನು ಕಂಡರೆ ಕಂಬದ ಹಿಂದೆ ಅಡಗುತ್ತಿದ್ದರು. ಈ ಒಬ್ಬಳು ನನಗೆ ಹೆದರಲಿಲ್ಲ, ಅದಕ್ಕೇ ಇರಬೇಕು, ಅವಳೆಂದರೆ ನನಗೆ ಪ್ರಾಣವಾಗಿತ್ತು. ಒಂದು ದಿನವೂ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಬೈದೆ ಅಷ್ಟೆ.

"ನೀರಿಂದ ಎದ್ದ ಮೇಲೆ ಎರಡು ಗಂಟೆ ನನ್ನ ಬೆರಳು ನನ್ನ ಮಾತು ಕೇಳ್ತವೆ" ಎನ್ನುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಆ ಎರಡು ಗಂಟೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು, ಡಬ್ಬಿ ಮುಚ್ಚಳ ತೆಗೆಯುತ್ತಿದ್ದರು. ಇವಳು ನಮ್ಮ ಅಂಗಿಗಳನ್ನು ತೆಗೆದುಕೊಂಡು ಹೋದಳು. ಗುಂಡಿಗಳನ್ನು ಬಿಚ್ಚಿ, ಕಾಜಾಗಳನ್ನು ಹೊಲಿದು ಮುಚ್ಚಿ, ಅದರ ಮೇಲೇ ಗುಂಡಿ ಕೂರಿಸಿ, ಒಳಗಡೆ ಚಪ್ಪಲಿಗೆ ಇರುತ್ತದಲ್ಲ ಅಂಥ ಅಂಟುಪಟ್ಟಿ ಹೊಲಿಯುತ್ತಿದ್ದಳು. ಹೊರಗಿನಿಂದ ನೋಡಿದರೆ ನೆಟ್ಟಗೆ ಗುಂಡಿ ಹಾಕಿದ ಅಂಗಿ. ಎಳೆದರೆ ಚರ್ರನೆ ಬಿಚ್ಚಿಕೊಳ್ಳುತ್ತದೆ. ಡ್ರೈವರ್ ಮಾವ ಮೊದಲ ದಿನ ಅದನ್ನು ಹತ್ತು ಸಲ ಎಳೆದು, ಹತ್ತು ಸಲ ಅಂಟಿಸಿ, ಹೆಂಡತಿ ಸತ್ತ ಮೇಲೆ ಇವತ್ತೇ ತಾನೊಬ್ಬನೇ ಅಂಗಿ ಹಾಕಿಕೊಂಡದ್ದು ಎಂದು ಅತ್ತುಬಿಟ್ಟ.

"ನಾಲ್ಕು ಲಕ್ಷ ಕಾಜಾ ಮಾಡಿದವಳು ಈಗ ಕೂತು ಕಾಜಾ ಮುಚ್ತಿದ್ದೀಯಲ್ಲೇ" ಎಂದೆ ನಾನು.

"ಎಲ್ಲಾ ಮುಚ್ಚೋಕೆ ಇನ್ನೊಂದು ಜನ್ಮ ಬೇಕು. ನಿಮ್ಮದೊಂದು ಕೊಡಿ ಟೀಚರೇ."

"ನನಗೇನೂ ಬೇಡ. ನನ್ನ ಗುಂಡಿ ನಾನು ಹಾಕ್ಕೋತೀನಿ" ಎಂದೆ. ಐದು ಗುಂಡಿಗೆ ನನಗೆ ಕಾಲು ಗಂಟೆ ಹಿಡಿಯುತ್ತಿತ್ತು. ಜಂಬ ಮಾತ್ರ ಇಳಿದಿರಲಿಲ್ಲ. ಮೂರು ತಿಂಗಳ ನಂತರ ನನ್ನ ಬೂದು ಅಂಗಿಯನ್ನು ಮಾತಾಡದೆ ಅವಳ ಚೀಲಕ್ಕೆ ತುರುಕಿದೆ. ಅವಳು ನೋಡಿ ನಕ್ಕಳು.

ಇನ್ನು ಆ ಮಂಗಳವಾರದ ವಿಷಯ. ಅದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿ ತಪ್ಪಿಸಿಕೊಳ್ಳಬಹುದು. ನಾನು ಹಾಗೆ ಮಾಡುವುದಿಲ್ಲ.

ಅದರ ಹಿಂದಿನ ಶುಕ್ರವಾರ, ಕಾದಿರುವವರ ಪಟ್ಟಿಯಲ್ಲಿ ಮೊದಲ ಹೆಸರಿದ್ದ ಹೆಂಗಸಿನ ಗಂಡ ಕೊಳದ ಬಾಗಿಲಿಗೆ ಬಂದು ಎಲ್ಲರ ಮುಂದೆ ನನ್ನ ಮೇಲೆ ಹಾರಾಡಿದ್ದ. "ನಿಮ್ಮ ಗೆಳತಿಯರಿಗೊಂದು ನ್ಯಾಯ, ಊರಿಗೊಂದು ನ್ಯಾಯ. ದಡದಲ್ಲಿ ಕೂತೋರಿಗೂ ಹಾಜರಿ ಹಾಕ್ತೀರಂತೆ" ಎಂದ. ಅದು ಸುಳ್ಳು. ನಾನು ಜನ್ಮದಲ್ಲಿ ಸುಳ್ಳು ಹಾಜರಿ ಹಾಕಿದವಳಲ್ಲ. ಅವನು ಹೋದ ಮೇಲೆ ಇಡೀ ಪುಸ್ತಕವನ್ನು ಮೊದಲಿನಿಂದ ತಿರುವಿ ಒಂದೊಂದು ಗುರುತನ್ನೂ ಪರೀಕ್ಷಿಸಿದೆ.

ಕಾಜಕ್ಕನ ಹೆಸರಿನ ಮುಂದೆ ಆಗಲೇ ಎರಡು ಗೈರು ಇದ್ದವು. ಒಂದು ದಿನ ನೋವು ಉಲ್ಬಣಿಸಿ ಹಾಸಿಗೆಯಿಂದ ಏಳಲಾಗಿರಲಿಲ್ಲ. ಇನ್ನೊಂದು ದಿನ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದ. ಮಂಗಳವಾರ ಅವಳು ಬಲಗಾಲು ಎಳೆಯುತ್ತ ತಡವಾಗಿ ಬಂದಳು. ಬೆಂಚಿನ ಮೇಲೆ ಕೂತು, ಫಿಜಿಯೋಗೆ ಕೇಳದ ಹಾಗೆ ನನ್ನನ್ನು ಕರೆದಳು.

"ಟೀಚರೇ, ಮಂಡಿ ಇವತ್ತು ಯಾಕೋ ಬೇರೆ ಥರ ಇದೆ. ಈ ಒಂದೇ. ಮುಟ್ಟಿದ್ರೆ ಸುಡುತ್ತೆ. ನಾನು ದಡದಲ್ಲೇ ಕೂತಿರ್ತೀನಿ, ಇವತ್ತೊಂದಿನ ಹಾಜರಿ ಹಾಕ್ಬಿಡಿ."

ಬೇರೆ ಥರ ಎಂದಳು. ಹದಿನಾಲ್ಕು ವರ್ಷ ಒಂದೇ ನೋವಿನ ಜೊತೆ ಬಾಳಿದವಳು ಬೇರೆ ಥರ ಎಂದರೆ ಅದು ಬೇರೆಯೇ. ನಾನು ಬಗ್ಗಿ ಆ ಮಂಡಿಯ ಮೇಲೆ ಕೈಯಿಟ್ಟಿದ್ದರೆ ಸಾಕಿತ್ತು. ಗೋಡೆಯ ಮೇಲಿನ ಹಲಗೆ ನನ್ನ ಬೆನ್ನ ಹಿಂದೆಯೇ ಇತ್ತು, ಅದು ನನಗೆ ಬಾಯಿಪಾಠ. ಆದರೆ ನಮ್ಮ ಜಾತಿಯೇ ಹೀಗೆ, ಕೀಲುನೋವಿನವರ ಜಾತಿ. ನೋವೆಂದರೆ ನಮಗೆ ದಿನಾ ಬರುವ ನೆಂಟ, ಯಾರೆಂದು ಬಾಗಿಲು ತೆರೆದು ನೋಡುವುದೇ ಇಲ್ಲ.

"ನೀರಿಗಿಳಿದೋರಿಗೆ ಹಾಜರಿ" ಎಂದೆ ಕಡ್ಡಿ ಮುರಿದ ಹಾಗೆ. "ದಡದಲ್ಲಿ ಕೂತೋರಿಗೆಲ್ಲ ಹಾಕೋದಾದ್ರೆ ವಾಚ್‌ಮನ್‌ಗೂ ಹಾಕಬೇಕಾಗುತ್ತೆ. ಎರಡಾಗಿದೆ ನಿಂದು, ಇದು ಮೂರನೇದು. ಏಳು. ನೀರಿಗಿಳಿದ್ರೆ ಎಲ್ಲಾ ಸರಿಹೋಗುತ್ತೆ. ಯಾವತ್ತು ಸರಿಹೋಗಿಲ್ಲ ಹೇಳು?"

ಅವಳು ಬೆಂಚಿನ ಅಂಚಿಗೆ ಅಂಗೈ ಊರಿದಳು. ಆಮೇಲೆ ಎದ್ದಳು.

ಫಿಜಿಯೋ ಓಡಿಬಂದು, "ಯಾರಿಗಾದ್ರೂ ಹೊಸದಾಗಿ ಕೆಂಪು, ಬಿಸಿ, ಊತ?" ಎಂದಳು. ಎಲ್ಲರೂ "ಇಲ್ಲಾ" ಎಂದೆವು. ಕಾಜಕ್ಕನೂ ಎಂದಳು. ನೀರಲ್ಲಿ ನಿಜವಾಗಿಯೂ ಅವಳಿಗೆ ಹಾಯೆನಿಸಿತು. ನನ್ನ ಅಂಗೈ ಮೇಲೆ ತಲೆಯಿಟ್ಟು ತೇಲುತ್ತ, "ನೋಡಿ, ನೀವು ಹೇಳಿದ್ದೇ ಸರಿ ಟೀಚರೇ. ಅರ್ಧ ನೋವು ಹೋಯ್ತು" ಎಂದಳು. ನೀರಿಂದ ಎದ್ದಾಗ ಗಡಗಡ ನಡುಗುತ್ತಿದ್ದಳು. ಬಿಸಿನೀರಿಂದ ಎದ್ದರೆ ಎಲ್ಲರೂ ನಡುಗುತ್ತೇವೆ ಎಂದುಕೊಂಡು ಅವಳ ಮೈಮೇಲೆ ಟವೆಲ್ ಹೊದಿಸಿದೆ. ಹಾಜರಿ ಹಾಕಿದೆ.

ಶುಕ್ರವಾರ ಹತ್ತೂಕಾಲಾದರೂ ಅವಳು ಬರಲಿಲ್ಲ. ನಾನು ಸಿಡಿಮಿಡಿಗುಟ್ಟುತ್ತ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಮೂರನೇ ಗೈರು ಬರೆದೆ. ಶಾಯಿ ಒಣಗುವ ಮೊದಲೇ ಫಿಜಿಯೋ ಬಂದು, ಅವಳು ಇದೇ ಆಸ್ಪತ್ರೆಯ ಮುಂದಿನ ಕಟ್ಟಡದಲ್ಲಿ ಇದ್ದಾಳೆಂದು ಹೇಳಿದಳು.

ಆದದ್ದು ಇಷ್ಟು. ಬುಧವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಕೆಳಗೆ ಔಷಧಿ ತರಲು ಇಳಿದವಳು ವಾಪಸು ಹತ್ತುವಾಗ ಹನ್ನೊಂದನೇ ಮೆಟ್ಟಿಲಿನಲ್ಲಿ ಕೂತುಬಿಟ್ಟಿದ್ದಳು. ಕೂಗಿದ್ದರೆ ಅಕ್ಕಪಕ್ಕದವರಿಗೆ ಕೇಳುತ್ತಿತ್ತು. ಕೂಗಲಿಲ್ಲ. ಕೂಗಿದರೆ ಮೆಟ್ಟಿಲು ಹತ್ತಲಾಗಲಿಲ್ಲ ಎಂಬುದು ತಮ್ಮನಿಗೆ ತಿಳಿಯುತ್ತದಲ್ಲ. ಸ್ವಲ್ಪ ಕೂತರೆ ಸರಿಹೋಗುತ್ತದೆ ಎಂದು ಕೂತೇ ಇದ್ದಳು. ಬೆಳಗ್ಗೆ ಅಂಗಡಿ ತೆರೆಯಲು ಬಂದ ಟೈಲರ್ ಅವಳನ್ನು ನೋಡಿ ತಮ್ಮನಿಗೆ ಫೋನ್ ಮಾಡಿದ.

ಮಂಡಿಯೊಳಗೆ ಕೀವು ತುಂಬಿ ವಿಷ ರಕ್ತಕ್ಕೆ ಏರಿದೆ ಎಂದರು ಡಾಕ್ಟರು. ಸಂಧಿವಾತಕ್ಕೆ ಅವಳು ನುಂಗುತ್ತಿದ್ದ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿರುತ್ತವಂತೆ, ಅದಕ್ಕೇ ಜ್ವರವೂ ಸರಿಯಾಗಿ ತೋರಲಿಲ್ಲವಂತೆ. "ಇವರಿಗೆ ಇದು ಹಳೇ ನೋವೇ ಅನ್ನಿಸಿಬಿಡುತ್ತೆ. ಮಂಗಳವಾರವೇ ಯಾರಾದ್ರೂ ಕಳಿಸಿದ್ದಿದ್ರೆ ಚೆನ್ನಾಗಿತ್ತು" ಎಂದರು. ಯಾರಾದರೂ ಎಂದರು. ಗಾಜಿನ ಆಚೆ ಅವಳು ಮಲಗಿದ್ದಳು. ಕತ್ತಿನ ಕೆಳಗೆ ದಿಂಬು ಓರೆಯಾಗಿತ್ತು. ಸರಿಮಾಡಬೇಕೆಂದು ನನ್ನ ಕೈ ತಾನಾಗಿ ಮೇಲೆ ಬಂದು ಗಾಜಿಗೆ ತಗುಲಿತು. ಭಾನುವಾರ ಮಧ್ಯಾಹ್ನ ಅವಳು ತೀರಿಕೊಂಡಳು.

ಹಾಜರಿ ಪುಸ್ತಕವನ್ನು ಫಿಜಿಯೋ ಕೈಗೆ ಕೊಟ್ಟುಬಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಂಗಳವಾರದ ಚೌಕದಲ್ಲಿ ನಾನು ಹಾಕಿದ ಗುರುತು ನೆಟ್ಟಗೆ, ಚೆಂದವಾಗಿ ಇತ್ತು. ನನ್ನ ಅಕ್ಷರ ಯಾವಾಗಲೂ ಚೆಂದ.

ಎರಡು ವಾರದ ನಂತರ ತಮ್ಮ ಫೋನ್ ಮಾಡಿದ. ರೂಮು ಖಾಲಿ ಮಾಡುತ್ತಿದ್ದೇನೆ, ನಿಮ್ಮದೊಂದು ಅಂಗಿ ಇದೆ, ಒಂದು ಸಲ ಬರುತ್ತೀರಾ ಎಂದ. ಹೋದೆ. ನನ್ನ ಮಂಡಿ ನೋಡಿ ಅವನೇ ಕೆಳಗಿಳಿದು ಬಂದು ಮೊಣಕೈ ಹಿಡಿದುಕೊಂಡ. ಹಿಡಿಯುವ ರೀತಿ ಅವನಿಗೆ ಗೊತ್ತಿತ್ತು. ಬೆರಳು ಒತ್ತದೆ, ಅಂಗೈ ಮಾತ್ರ ಕೊಟ್ಟು ಹಿಡಿದ. ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿಸಿದ.

ರೂಮು ಒಂದು ಮಂಚ, ಒಂದು ಒಲೆ, ಒಂದು ಕಿಟಕಿಯಷ್ಟೆ ಅಗಲ. ಕಿಟಕಿಯ ಹತ್ತಿರ ಕುರ್ಚಿ, ಕುರ್ಚಿಯ ಮೇಲೆ ಸೂಜಿ ಚುಚ್ಚಿದ ಹಾಗೆಯೇ ಇದ್ದ ನನ್ನ ಬೂದು ಅಂಗಿ. ನಾಲ್ಕು ಗುಂಡಿ ಮುಗಿದಿತ್ತು. ಐದನೆಯದರ ಕಾಜಾ ಅರ್ಧ ಮುಚ್ಚಿತ್ತು.

"ಅಕ್ಕ ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ಲು ಟೀಚರ್" ಎಂದ ತಮ್ಮ. "ಗುರುವಾರ ಆಸ್ಪತ್ರೆಗೆ ಹೋಗ್ತಾ ದಾರೀಲಿ ನಾನು ಬೈದೆ, ಈ ಮಂಡಿ ಇಟ್ಕೊಂಡು ನೀರಿಗೆ ಯಾಕೆ ಇಳಿದೆ ಅಂತ. ಏನಂದ್ಲು ಗೊತ್ತಾ? 'ಟೀಚರು ಬೇಡ ಅಂತ ಎಷ್ಟೋ ಹೇಳಿದ್ರು ಕಣೋ. ಡಾಕ್ಟ್ರ ಹತ್ರ ಹೋಗು ಅಂದ್ರು. ನಾನೇ ಹಟ ಮಾಡಿ ಇಳಿದೆ. ಅವರ ಮೇಲೆ ಯಾರೂ ಮಾತು ಹೊರಿಸಬಾರದು' ಅಂದ್ಲು. ಅದೇ ಅವಳು ನನ್ನ ಹತ್ರ ಸರಿಯಾಗಿ ಆಡಿದ ಕೊನೇ ಮಾತು. ನಿಮ್ಮ ಮಾತು ಕೇಳಿದ್ದಿದ್ರೆ ಬದುಕ್ತಿದ್ಲು."

ನನ್ನ ಕೈಯಲ್ಲಿ ಅಂಗಿ ಇತ್ತು. ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಸುಮ್ಮನಿದ್ದುಬಿಡಬಹುದಿತ್ತು. ಅವಳು ನನಗೆ ಸುಳ್ಳು ಹಾಜರಿ ಹಾಕಿ ಹೋಗಿದ್ದಳು, ನಾನು ಅವಳಿಗೆ ಒಂದು ದಿನಕ್ಕೆ ಹಾಕಲಾರೆನೆಂದ ಅದೇ ಹಾಜರಿಯನ್ನು. ಅದನ್ನು ಇಟ್ಟುಕೊಂಡು ಉಳಿದ ದಿನ ಕಳೆಯಲು ನನ್ನಿಂದ ಸಾಧ್ಯವಿರಲಿಲ್ಲ.

"ಇಲ್ಲಪ್ಪ" ಎಂದೆ. "ನಾನು ಬೇಡ ಅನ್ನಲಿಲ್ಲ. ಮಂಡಿ ಸುಡ್ತಿದೆ, ದಡದಲ್ಲಿ ಕೂರ್ತೀನಿ ಅಂದ್ಲು. ಇಳಿಯದಿದ್ರೆ ಹಾಜರಿ ಇಲ್ಲ ಅಂದೆ. ನಾನೇ ಇಳಿಸಿದ್ದು."

ಅವನು ಕಣ್ಣೊರೆಸುತ್ತಿದ್ದ ಕೈಯನ್ನು ಕೆಳಗಿಳಿಸಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಇನ್ನೇನೂ ಬೇಕಿರಲಿಲ್ಲ. ನಿಧಾನವಾಗಿ ಅಕ್ಕನ ಕುರ್ಚಿಯ ಮೇಲೆ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿದ. "ಬಾಗಿಲು ಎಳಕೊಂಡು ಹೋಗಿ" ಎಂದ.

ಹತ್ತುವಾಗ ಹಿಡಿದಿದ್ದ ಕೈ ಇಳಿಯುವಾಗ ಇರಲಿಲ್ಲ. ಗೋಡೆಗೆ ಭುಜ ಒರಗಿಸಿಕೊಂಡು, ಅಂಗಿಯನ್ನು ಎದೆಗೆ ಅವಚಿಕೊಂಡು ಒಬ್ಬಳೇ ಇಳಿದೆ. ಎಣಿಸುತ್ತಿದ್ದೆ, ಗಟ್ಟಿಯಾಗಿ, ಅವಳ ಹಾಗೆ. ಹನ್ನೊಂದಕ್ಕೆ ಬಂದಾಗ ಮಂಡಿ ಮುಂದೆ ಹೋಗಲು ಒಪ್ಪಲಿಲ್ಲ. ಕೂತೆ. ಕೆಳಗೆ ಟೈಲರ್ ಅಂಗಡಿಯಲ್ಲಿ ಮಿಷನ್ ಓಡುತ್ತಿತ್ತು. ಒಂದು ಸಲ ಕೂಗಿದರೆ ಯಾರಾದರೂ ಬಂದು ಕೈ ಹಿಡಿಯುತ್ತಿದ್ದರು. ನಾನೂ ಕೂಗಲಿಲ್ಲ.